ಚಿಲ್ಲರೆ ಬೀದಿ ಬಾಗಿಲು ಹಾಕಿದ ವಾರ

ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ಮಾತ್ರ ಕೇಳ್ಬೇಡ ಕುಸುಮಿ, ನಾನೂ ನಿನ್ನಷ್ಟಿದ್ದಾಗ ನಮ್ಮಜ್ಜೀನ ಕೇಳಿ ತಲೆ ಮೇಲೆ ಮೊಟಕಿಸ್ಕೊಂಡಿದ್ದೆ, ತೊರೆಪೇಟೆ ಅಂತ ಒಂದು ಊರಿತ್ತಂತೆ. ಆ ಊರಿಗೆ ಹೊಸದಾಗಿ ಪಟ್ಟಕ್ಕೆ ಬಂದ ಒಬ್ಬ ರಾಜ ಇದ್ನಂತೆ. ವಯಸ್ಸು ಚಿಕ್ಕದು, ಮೀಸೆ ದೊಡ್ಡದು. ಕೆಟ್ಟೋನಲ್ಲ ಪಾಪ, ಆದ್ರೆ ದೊಡ್ಡದು ಅಂದ್ರೆ ಅವನಿಗೆ ಪ್ರಾಣ. ಆನೆ ಆದ್ರೆ ದೊಡ್ಡದೇ ಬೇಕು, ನಗಾರಿ ಆದ್ರೆ ದೊಡ್ಡದೇ ಬೇಕು, ಊಟಕ್ಕೆ ಕೂತ್ರೆ ಈ ತುದಿಯಿಂದ ಆ ತುದಿವರೆಗೆ ಬಾಳೆಲೆ ಹಾಸಬೇಕು, ಅದರಲ್ಲಿ ಅರ್ಧ ಎಲೆ ಖಾಲಿ ಬಿದ್ದಿದ್ರೂ ಪರವಾಗಿಲ್ಲ.

ಆ ರಾಜನ ಆಸ್ಥಾನದಲ್ಲಿ ಮೂರು ಜನ ಸಾಹುಕಾರರು. ಒಬ್ಬ ಪಟ್ಟೆ ಸಾಹುಕಾರ, ರೇಷ್ಮೆ ಪೀತಾಂಬರ ಮಾರೋನು. ಇನ್ನೊಬ್ಬ ಕುದುರೆ ಸಾಹುಕಾರ, ಎಲ್ಲೆಲ್ಲಿಂದಲೋ ಕುದುರೆ ತರಿಸಿ ಮಾರೋನು. ಮತ್ತೊಬ್ಬ ಮೆಣಸಿನ ಸಾಹುಕಾರ, ಒಳ್ಳೆಮೆಣಸು ಏಲಕ್ಕಿ ಮೂಟೆ ಕಟ್ಟಿ ಹಡಗಿಗೆ ತುಂಬಿಸೋನು. ಮೂರು ಜನಕ್ಕೂ ರಾಜನ ಪಕ್ಕದಲ್ಲೇ ಕುರ್ಚಿ, ಹಬ್ಬ ಬಂತು ಅಂದ್ರೆ ಶಾಲು. ಯಾರು ನೋಡೋಕೆ ಬಂದ್ರೂ ರಾಜ ಅವರನ್ನ ತೋರಿಸಿ, ಈ ಮೂವರು ಇದಾರಲ್ಲ, ಇವರೇ ನನ್ನ ರಾಜ್ಯ ಹೊತ್ತಿರೋರು ಅಂತಿದ್ನಂತೆ.

ಅದೇ ಊರಲ್ಲಿ, ಅರಮನೆಯಿಂದ ಕೋಟೆ ಬಾಗಿಲಿಗೆ ಹೋಗೋ ದಾರೀಲಿ, ಒಂದು ಇಕ್ಕಟ್ಟು ಬೀದಿ. ಚಿಲ್ಲರೆ ಬೀದಿ ಅಂತ ಅದರ ಹೆಸರು. ಎರಡೂ ಕಡೆ ಅಂಗಡಿ. ಅಂಗಡಿ ಅಂದ್ರೆ ನಿಮ್ಮಪ್ಪ ನಿನ್ನ ಕರ್ಕೊಂಡು ಹೋಗ್ತಾನಲ್ಲ, ಗಾಜಿನ ಬಾಗಿಲು, ಒಳಗೆ ಕಾಲಿಟ್ರೆ ಚಳಿ, ಅಂಥದ್ದಲ್ಲ ಕಣೆ. ಒಂದೊಂದೂ ಒಂದು ಚಾಪೆ ಅಗಲ ಅಷ್ಟೆ. ಮುಂದುಗಡೆ ಉದ್ದುದ್ದ ಹಲಗೆ ಜೋಡಿಸಿರೋರು, ಬೆಳಿಗ್ಗೆ ಒಂದೊಂದೇ ಹಲಗೆ ತೆಗೆದು ಪಕ್ಕಕ್ಕೆ ಒರಗಿಸಿದ್ರೆ ಅಂಗಡಿ ತೆಗೆದ್ರು ಅಂತ ಲೆಕ್ಕ. ಬಳೆ ಮಾರೋನು, ಪುರಿ ಹುರಿಯೋಳು, ಗಾಣದೆಣ್ಣೆಯೋನು, ಹೂ ಕಟ್ಟೋರು, ಪಾತ್ರೆಗೆ ಕಲಾಯಿ ಹಾಕೋನು, ಪೊರಕೆ ಮಾರೋಳು, ಅಂಬಲಿ ಕಾಯಿಸಿ ಕೊಡೋಳು, ಎಲ್ರೂ ಒಬ್ಬರಿಗೊಬ್ಬರು ಮೈ ತಾಗಿಸ್ಕೊಂಡು ಕೂತಿರೋರಂತೆ.

ಅವರಲ್ಲಿ ಒಬ್ಳು ಮಾಳಕ್ಕ. ಗಂಡ ತೀರ್ಕೊಂಡು ಎಷ್ಟೋ ವರ್ಷ ಆಗಿತ್ತು, ಮಕ್ಕಳಿಲ್ಲ ಮರಿಯಿಲ್ಲ, ಆ ಚಾಪೆ ಅಗಲದ ಜಾಗ ಬಿಟ್ರೆ ಭೂಮಿ ಮೇಲೆ ಅವಳದು ಅನ್ನೋದು ಇನ್ನೇನೂ ಇರಲಿಲ್ಲ. ಉಪ್ಪು, ಅರಿಶಿನ, ಓಮ, ಮೆಂತ್ಯ, ಬೆಲ್ಲ, ಸೂಜಿ, ಲಾಡಿ, ಎಲ್ಲಾ ಮಾರೋಳು. ತೊರೆಪೇಟೆಯೋರ ಪದ್ಧತಿ ಹೇಗೆ ಅಂದ್ರೆ, ಯಾರೂ ಮನೇಲಿ ಕೂಡಿಡೋರಲ್ಲ. ಇವತ್ತಿನ ಸಾರಿಗೆ ಇವತ್ತು ಹೋಗಿ ಒಂದು ಚಿಟಿಕೆ ಮೆಂತ್ಯ ತರೋದು, ನಾಳೆಯದು ನಾಳೆ. ಮಾಳಕ್ಕ ಎಲ್ಲರಿಗೂ ಬೈಕೊಂಡೇ ಕೊಡೋಳಂತೆ, ಕೊಟ್ಟು ಆದ್ಮೇಲೆ ಮೇಲೆ ಒಂದು ಕೊಸರು ಹಾಕೋಳಂತೆ. ಬಾಯಿ ಸ್ವಲ್ಪ ಜೋರು. ಯಾರ ಥರ ಅಂತ ನಿಮ್ಮಪ್ಪನ್ನ ಕೇಳು, ನನ್ನ ಕಡೆ ಕೈ ತೋರಿಸ್ತಾನೆ.

ಒಂದಿನ ಏನಾಯ್ತು, ರಾಜ ಆನೆ ಮೇಲೆ ಕೂತು ಆ ಬೀದೀಲಿ ಹೊರಟ್ನಂತೆ. ಆನೆ ಹೊಟ್ಟೆ ಎರಡೂ ಕಡೆ ಉಜ್ಜಿ ಪೊರಕೆ ಕಟ್ಟೆಲ್ಲಾ ಉರುಳಿ, ಪುರಿ ಬುಟ್ಟಿಗೆ ಆನೆ ಸೊಂಡಿಲು ಹಾಕಿ, ಮೇಲೆ ತೂಗು ಹಾಕಿದ್ದ ಬಳೆ ಸರ ಹೋಗಿ ರಾಜನ ಕಿರೀಟಕ್ಕೆ ಸಿಕ್ಕಿಹಾಕ್ಕೊಂಡು, ಹೆಂಗಸರೆಲ್ಲಾ ಬಾಯಿಗೆ ಸೆರಗು ಅಡ್ಡ ಹಿಡಿದು ನಗೋಕೆ ಶುರು ಮಾಡಿದ್ರಂತೆ. ರಾಜನ ಮುಖ ಕೆಂಪಗಾಯ್ತು. ಅರಮನೆಗೆ ಹೋದೋನೇ ಅಪ್ಪಣೆ ಕೊಟ್ಟ, ಬರೋ ಯುಗಾದಿ ಹೊತ್ತಿಗೆ ಆ ಬೀದಿ ಇರಕೂಡದು, ಎಲ್ಲಾ ಕೆಡವಿ ಅಲ್ಲಿ ಮೂರು ಜನ ಸಾಹುಕಾರರಿಗೂ ಸೇರಿ ಒಂದೇ ಒಂದು ದೊಡ್ಡ ಕಲ್ಲಿನ ಮಳಿಗೆ ಕಟ್ಟಿಸ್ತೀನಿ ಅಂದ. ಆ ಚಿಲ್ಲರೆ ಜನ ಎಲ್ಲಿಗೆ ಹೋಗ್ಬೇಕು ಬುದ್ಧಿ ಅಂತ ಮಂತ್ರಿ ಕೇಳಿದ್ದಕ್ಕೆ, ಬಂದ ದಾರಿ ಹಿಡಿದು ಹೋಗಲಿ ಅಂದ್ನಂತೆ. ಮಂತ್ರಿಯೋ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ, ಅದೂ ಸರಿ, ಇದೂ ಸರಿ ಅಂದ.

ಬೀದೀಲಿ ಗೋಳೋ ಅಂತ ಅಳು. ಮಾಳಕ್ಕ ಅಳಲಿಲ್ಲ. ಸೆರಗು ಸೊಂಟಕ್ಕೆ ಸಿಗಿಸಿ, ಪಕ್ಕದ ಅಂಗಡಿ ಬಳೆಗಾರ ಸೂರಪ್ಪನ್ನ ಎಳ್ಕೊಂಡು ನೇರ ಆಸ್ಥಾನಕ್ಕೆ ಹೋದ್ಲಂತೆ. ಹೋಗಿ ಏನು ಕೇಳಿದ್ಲು ಗೊತ್ತಾ? ರಾಜ್ಯ ಹೊತ್ತಿರೋರು ಈ ಮೂವರು ಅಂತ ನಿಮಗೆ ಹೇಳಿದೋರು ಯಾರು ಬುದ್ಧಿ, ಅವರೇ ತಾನೆ ಅಂತ ಕೇಳಿದ್ಲಂತೆ. ಸಾಹುಕಾರರೆಲ್ಲಾ ಗಂಟಲು ಕೆರೆದ್ರು. ಆಮೇಲೆ ಮಾಳಕ್ಕ ಅಂದ್ಲು, ನನ್ನ ಮಾತು ನಂಬಬೇಡಿ, ಅವರ ಮಾತೂ ನಂಬಬೇಡಿ, ಒಬ್ಬೊಬ್ಬರಾಗಿ ಸಂತೆಯಿಂದ ಸಂತೆಗೆ ಒಂದು ವಾರ ಬಾಗಿಲು ಹಾಕೋಣ, ಯಾರ ಬಾಗಿಲು ಹಾಕಿದ್ರೆ ಊರು ಒದ್ದಾಡುತ್ತೋ ನೋಡಿ, ನಮ್ಮ ಬೀದಿ ಹಾಕಿದಾಗ ಊರಿಗೆ ಏನೂ ಆಗಲಿಲ್ಲ ಅಂದ್ರೆ ನೀವು ಕೆಡವೋದು ಬೇಡ, ನಾವೇ ಗಂಟುಮೂಟೆ ಕಟ್ಕೊಂಡು ಹೋಗ್ತೀವಿ ಅಂತ.

ರಾಜನಿಗೆ ಪಂದ್ಯ ಅಂದ್ರೆ ಕಿವಿ ನೆಟ್ಟಗಾಗೋದು. ಆಗಲಿ ಅಂದ. ಆದ್ರೆ ಪಟ್ಟೆ ಸಾಹುಕಾರ ಒಂದು ಕೊಕ್ಕೆ ಹಾಕಿದ. ಈ ಜನಕ್ಕೆ ಗಿರಾಕಿ ಕಂಡ್ರೆ ಕೈ ತುರಿಸುತ್ತೆ ಪ್ರಭು, ಕದ್ದು ಕೊಡ್ತಾರೆ, ಅವರ ವಾರದಲ್ಲಿ ಬೀದೀಲಿ ಒಂದೇ ಒಂದು ಹಲಗೆ ಸರಿದ್ರೂ ಇಡೀ ಬೀದಿ ಸೋತ ಹಾಗೆ ಅಂತ ಆಗಬೇಕು ಅಂದ. ಸೂರಪ್ಪ ಬೇಡ ಬೇಡ ಅಂತ ಅವಳ ಸೀರೆ ಅಂಚು ಜಗ್ತಿದ್ದ ಹಾಗೇ ಮಾಳಕ್ಕ ಒಪ್ಕೊಂಡುಬಿಟ್ಲಂತೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಮೊದಲ್ನೇ ವಾರ ಪಟ್ಟೆ ಸಾಹುಕಾರ ಬಾಗಿಲು ಹಾಕ್ದ. ಊರು ಏನಾಯ್ತು? ಏನೂ ಆಗಲಿಲ್ಲ. ರಾಜನ ಸೋದರತ್ತೆ ಒಬ್ಬಳು ಹೊಸ ಸೀರೆ ಇಲ್ಲ ಅಂತ ಮುಖ ಊದಿಸ್ಕೊಂಡಿದ್ಲಂತೆ, ಅದು ಅವಳು ಯಾವಾಗ್ಲೂ ಊದಿಸ್ಕೊಳ್ತಿದ್ದದ್ದೇ.

ಎರಡನೇ ವಾರ ಕುದುರೆ ಸಾಹುಕಾರ ಬಾಗಿಲು ಹಾಕ್ದ. ಇದ್ದ ಕುದುರೆ ಇದ್ದ ಹಾಗೇ ಹುಲ್ಲು ತಿಂದ್ವು. ಊರು ತನ್ನ ಪಾಡಿಗೆ ತಾನು ಎದ್ದು, ತನ್ನ ಪಾಡಿಗೆ ತಾನು ಮಲಗ್ತು. ಮೂರನೇ ವಾರ ಮೆಣಸಿನ ಸಾಹುಕಾರ. ಹಡಗು ಒಂದು ವಾರ ತಡ ಆಗಿ ಹೊರಡುತ್ತೆ ಅಷ್ಟೆ ಅಂದ್ರಂತೆ.

ಅಲ್ಲ, ಯಾರಿಗೂ ಏನೂ ಆಗಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಅವರ ಹತ್ರ ಮೂಟೆ ಹೊರೋ ಹಮಾಲರು, ಕುದುರೆ ಮೈ ತಿಕ್ಕೋ ಆಳುಗಳು ಇರ್ತಾರಲ್ಲ, ಅವರಿಗೆ ತಂತಮ್ಮ ಸಾಹುಕಾರ ಬಾಗಿಲು ಹಾಕಿದ ವಾರ ಕೂಲಿ ಇಲ್ಲ. ಸಾಹುಕಾರರು ಬಾಗಿಲು ಹಾಕಿ ಒಳಗೆ ಹಾಯಾಗಿ ಮಲಗಿದ್ರು. ಅವರ ಆಳುಗಳು ಚಿಲ್ಲರೆ ಬೀದಿಗೆ ಬಂದು ಅಂಬಲಿಯೋಳ ಮುಂದೆ ಕೂತ್ರೆ ಅವಳು, ಕೂಲಿ ಬಂದಾಗ ಕೊಡೀರಂತೆ ಕುಡೀರಪ್ಪ ಅಂತ ಬಗ್ಗಿಸಿ ಹಾಕ್ತಿದ್ಲಂತೆ. ಅದನ್ನ ರಾಜನಿಗೆ ಯಾರೂ ಹೇಳಲಿಲ್ಲ.

ನಾಲ್ಕನೇ ವಾರ ಚಿಲ್ಲರೆ ಬೀದಿ. ಸಂತೆ ಮಾರನೇ ದಿನ ಬೆಳಿಗ್ಗೆ ಯಾರೂ ಹಲಗೆ ತೆಗೀಲಿಲ್ಲ. ಎಲ್ರೂ ತಂತಮ್ಮ ಅಂಗಡಿ ಮುಂದಿನ ಜಗಲಿ ಮೇಲೆ ಕೈ ಕಟ್ಕೊಂಡು ಕೂತ್ರು. ರಾಜನ ಕಡೆ ಪಹರೆಯೋನು ಒಬ್ಬ ಕೊಂಬು ಹಿಡ್ಕೊಂಡು ಬೀದಿ ಈ ತುದಿಯಿಂದ ಆ ತುದಿಗೆ ತಿರುಗೋನು, ಹಲಗೆ ಸರಿದ್ರೆ ಊದಬೇಕು ಅಂತ ಅವನಿಗೆ ಅಪ್ಪಣೆ.

ಮೊದಲು ಪೇಚಿಗೆ ಸಿಕ್ಕಿದೋನು ಯಾರು ಹೇಳು? ರಾಜನೇ. ಬೆಳಿಗ್ಗೆ ಎದ್ದು ಸ್ನಾನ ಮಾಡಿ ಚಲ್ಲಣ ಹಾಕ್ಕೊಂಡು ಗಂಟು ಕಟ್ಟೋಕೆ ಹೋದ್ರೆ ಲಾಡಿ ಪಟಕ್ ಅಂತ ಕಿತ್ತು ಕೈಗೆ ಬಂತು. ನಗಬೇಡ, ರಾಜನಿಗೆ ಲಾಡಿ ಇರಬಾರದಾ? ಅರಮನೆ ಎಲ್ಲಾ ಹುಡುಕಿದ್ರು. ಮುತ್ತಿದೆ, ರತ್ನ ಇದೆ, ಒಂದು ಗೇಣು ಲಾಡಿ ಇಲ್ಲ. ಪಟ್ಟೆ ಸಾಹುಕಾರನಿಗೆ ಹೇಳಿ ಕಳಿಸಿದ್ರು, ಅವನು ಒಳ್ಳೇ ಪೀತಾಂಬರ ಹರಿದು ಕೊಟ್ಟ. ರೇಷ್ಮೆ ನುಣುಪು ಅಲ್ವಾ, ಗಂಟು ನಿಲ್ಲಲಿಲ್ಲ, ಸಭೇಲಿ ಎದ್ದು ನಿಂತಾಗ್ಲೆಲ್ಲಾ ಜಾರೋದು. ಕೊನೆಗೆ ಸೇದೋ ಬಾವಿ ಹಗ್ಗ ಕತ್ತರಿಸಿ ಕಟ್ಕೊಂಡ್ನಂತೆ, ಅದು ಸೊಂಟಕ್ಕೆಲ್ಲಾ ಚುಚ್ಚಿ ಚುಚ್ಚಿ, ನ್ಯಾಯ ಹೇಳೋಕೆ ಕೂತೋನು ಕೆರ್ಕೊಳ್ತಾ ಕೂತನಂತೆ.

ಅದು ನಗೋ ಮಾತಾಯ್ತು. ಆಮೇಲೆ ನಗೋ ಹಾಗಿರಲಿಲ್ಲ. ಎಣ್ಣೆ ಇಲ್ಲ, ಮನೆ ಮನೇಲಿ ದೀಪ ಇಲ್ಲ. ಕಲಾಯಿ ಹಾಕೋರಿಲ್ಲ, ಹಿತ್ತಾಳೆ ಪಾತ್ರೇಲಿ ಹುಳಿ ಕಿಲುಬು ಹಿಡೀತು. ಕೂಡಿಡೋ ಪದ್ಧತಿ ಇಲ್ಲದ ಊರು ನೋಡು, ಮೂರು ದಿನ ಕಳಿಯೋಷ್ಟರಲ್ಲಿ ಎಲ್ಲರ ಮನೆ ಮಸಾಲೆ ಡಬ್ಬೀನೂ ಖಾಲಿ. ಹಳ್ಳಿಯೋರು ತಲೆ ಮೇಲೆ ಸೊಪ್ಪು ಹೊತ್ಕೊಂಡು ಬಂದ್ರು, ಉಪ್ಪಿಲ್ಲದೆ ಸಾರು ಹೇಗೆ ಮಾಡೋದು ಅಂತ ಕೊಳ್ಳೋರಿಲ್ಲ. ಅವರು ಸೊಪ್ಪು ಮಾರಿದ ದುಡ್ಡಲ್ಲಿ ಅಲ್ಲೇ ಬಳೆ ಇಡಿಸ್ಕೊಳ್ಳೋರು, ಬಳೆಗಾರ ಅದರಲ್ಲೇ ಪುರಿ ಕೊಳ್ಳೋನು, ಪುರಿಯೋಳು ಎಣ್ಣೆ ಕೊಳ್ಳೋಳು, ಹೀಗೆ ಒಂದೇ ಕಾಸು ಊರೆಲ್ಲಾ ಕೈ ಬದಲಾಯಿಸಿ ಹತ್ತು ಮನೆ ಒಲೆ ಹಚ್ಚಿ, ಸಾಯಂಕಾಲಕ್ಕೆ ರಾಜನ ಸುಂಕದ ಕಟ್ಟೆಗೂ ಬಂದು ಬೀಳ್ತಿತ್ತು. ಈಗ ಆ ಕಾಸು ಹಳ್ಳಿಯೋರ ಕೈಗೇ ಬರಲಿಲ್ಲ. ಸೊಪ್ಪು ಬಾಡಿತು ಅಂತ ಬೈಕೊಂಡು ಹೋದೋರು ಮಾರನೇ ದಿನ ಬರಲೇ ಇಲ್ಲ. ಸುಂಕದೋನು ಬಂದು ರಾಜನ ಮುಂದೆ ಖಾಲಿ ಪೆಟ್ಟಿಗೆ ಬೋರಲು ಹಾಕಿ ತೋರಿಸಿದ್ನಂತೆ.

ರಾಜನಿಗೆ ಒಳಗೊಳಗೇ ಗೊತ್ತಾಗೋಕೆ ಶುರುವಾಯ್ತು. ಆದ್ರೂ ಜಂಬ ಬಿಡಬೇಕಲ್ಲ. ಪಂದ್ಯ ಅಂದ್ರೆ ಪಂದ್ಯ, ಸಂತೆವರೆಗೆ ಆಗಲಿ ಅಂದ. ಬೀದೀಲಿ ಎಲ್ಲರಿಗೂ ಖುಷಿ. ಇನ್ನೊಂದೇ ದಿನ, ನಾಳೆ ಸಂತೆ, ಗೆದ್ವಿ ಕಣ್ರೋ ಅಂತ ಸೂರಪ್ಪ ಜಗಲಿ ಮೇಲೆ ಕೂತು ಹಾಡು ಹೇಳ್ತಿದ್ದ.

ಆ ಕೊನೇ ದಿನ ಬೆಳಿಗ್ಗೆ, ಮಾಳಕ್ಕ ಜಗಲಿ ಗುಡಿಸಿ ನೀರು ಚಿಮುಕಿಸಿ ರಂಗೋಲಿ ಎಳೀತಿದ್ಲು. ಯಾರೋ ಓಡಿ ಬರೋ ಸದ್ದು. ತಲೆ ಎತ್ತಿ ನೋಡಿದ್ರೆ ಮೆಣಸಿನ ಸಾಹುಕಾರ. ಪೇಟ ಇಲ್ಲ, ಕಾಲಲ್ಲಿ ಜೋಡಿಲ್ಲ. ಬಂದೋನು ಕೈ ಮುಗಿದ. ಸೊಸೆ ಹೆತ್ತು ಹದಿನೈದು ದಿನ, ಮಗು ಹೊಟ್ಟೆ ಉಬ್ಬರಿಸ್ಕೊಂಡು ರಾತ್ರಿಯಿಂದ ಒಂದೇ ಸಮ ಅಳ್ತಾ ಇದೆ, ಈಗ ಅಳೋಕೂ ಶಕ್ತಿ ಇಲ್ಲ, ಓಮ ಹುರಿದು ಬಟ್ಟೇಲಿ ಕಟ್ಟಿ ಶಾಖ ಕೊಡಬೇಕು ಅಂತ ಸೂಲಗಿತ್ತಿ ಹೇಳ್ತಾಳೆ, ಊರೆಲ್ಲಾ ಮನೆ ಮನೆ ತಿರುಗಿದೆ, ಯಾರ ಮನೇಲೂ ಒಂದು ಕಾಳು ಓಮ ಇಲ್ಲ ತಾಯಿ ಅಂದ.

ಸೂರಪ್ಪ ಹಾಡು ನಿಲ್ಲಿಸಿ ಎದ್ದು ಬಂದ. ನಂಬಬೇಡ ಮಾಳಕ್ಕಾ, ಇದು ಕಳ್ಳಾಟ, ನಾಳೆ ಗೆಲ್ತೀವಿ ಅಂತ ಗೊತ್ತಾಗಿ ಬಂದವ್ನೆ, ನೀನು ಹಲಗೆ ತೆಗೆದ್ರೆ ಅವನಿಗೇ ತಾನೆ ಮಳಿಗೆ ಸಿಗೋದು ಅಂದ. ಪುರಿಯೋಳು, ಎಣ್ಣೆಯೋನು, ಎಲ್ರೂ ಸುತ್ತ ನಿಂತ್ರು. ನಮ್ಮ ಹೊಟ್ಟೆ ಮೇಲೆ ಹೊಡೀಬೇಡ ಕಣಕ್ಕ ಅಂದ್ರು.

ಏನಂದೆ ಕುಸುಮಿ? ಹಿತ್ತಲ ಬಾಗಿಲಿಂದ ಕೊಡಬಹುದಿತ್ತಾ? ಜಾಣೆ ಕಣೆ ನೀನು. ಆದ್ರೆ ಆ ಅಂಗಡಿಗಳಿಗೆ ಹಿಂದುಗಡೆ ಬರೀ ಗೋಡೆ, ಇರೋದು ಒಂದೇ ಬಾಯಿ.

ಮಾಳಕ್ಕ ಸಾಹುಕಾರನ ಮುಖ ನೋಡಿದ್ಲು. ನಿಜಾನೋ ಸುಳ್ಳೋ ಹೇಗೆ ಗೊತ್ತಾಗುತ್ತೆ? ಈ ಕಡೆ ಇಡೀ ಬೀದಿ, ತನ್ನ ಚಾಪೆ ಅಗಲದ ಜಾಗ, ಆ ಕಡೆ ಕಣ್ಣಲ್ಲಿ ಕಂಡಿರದ ಒಂದು ಹಸುಗೂಸು. ಆಮೇಲೆ ಹೇಳಿದ್ಲಂತೆ:

“ನೋಡು ಸೂರಪ್ಪ, ಬೆಳಿಗ್ಗೆ ಅಂಗಡಿ ಮುಂದೆ ಬಂದೋನು ಬೋಣಿ ಗಿರಾಕಿ. ಬೋಣಿ ಗಿರಾಕೀನ ನಮ್ಮವ್ವನೂ ಬರಿಗೈಲಿ ಕಳಿಸಿಲ್ಲ, ನಾನೂ ಕಳಿಸಿಲ್ಲ. ಸುಳ್ಳಾದ್ರೆ ಪಾಪ ಅವನದು. ನಿಜ ಆಗಿದ್ದು ಮಗೂಗೆ ಏನಾದ್ರೂ ಆದ್ರೆ ಆ ಪಾಪ ಯಾರದು?”

ಅಷ್ಟು ಹೇಳಿ ಹಲಗೆ ತೆಗೆದು ಪಕ್ಕಕ್ಕೆ ಒರಗಿಸಿದ್ಲು. ಓಮ ತೆಗೆದು ಎಲೇಲಿ ಕಟ್ಟಿದ್ಲು, ಕೈ ಅಭ್ಯಾಸ ಬಿಡುತ್ತಾ, ಮೇಲೆ ಒಂದು ಕೊಸರೂ ಹಾಕಿದ್ಲು. ಸಾಹುಕಾರ ಕೊಟ್ಟ ಕಾಸು ಕಣ್ಣಿಗೆ ಒತ್ಕೊಂಡು ಗಲ್ಲಾಪೆಟ್ಟಿಗೆ ಮೇಲೆ ಇಟ್ಲು. ಅವನು ಓಡಿದ. ಪಹರೆಯೋನು ಕೊಂಬು ಊದಿದ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಪುರಿಯೋಳು ಎದೆ ಎದೆ ಬಡ್ಕೊಂಡ್ಲು. ಸೂರಪ್ಪ ಮಾಳಕ್ಕನ ಕಡೆ ಬೆನ್ನು ತಿರುಗಿಸಿ ಕೂತ. ಅಷ್ಟು ಜೋರು ಬಾಯಿಯ ಮಾಳಕ್ಕ ಅವತ್ತು ಹಲಗೆ ಹಿಡ್ಕೊಂಡು ಬಿಕ್ಕಿ ಬಿಕ್ಕಿ ಅತ್ಲಂತೆ. ತಪ್ಪು ಮಾಡಿದೆ ಅಂತ ಅಲ್ಲ, ಅಷ್ಟು ಜನರ ಅನ್ನ ತನ್ನ ಕೈಯಿಂದ ಹೋಯ್ತಲ್ಲ ಅಂತ.

ಕೊಂಬು ಕೇಳಿ ರಾಜನೇ ನಡ್ಕೊಂಡು ಬಂದ, ಹಿಂದೆ ಪಟ್ಟೆ ಸಾಹುಕಾರ, ಕುದುರೆ ಸಾಹುಕಾರ, ಅವರ ಹಿಂದೆ ಊರಿಗೂರೇ. ಏನಾಯ್ತು ಅಂತ ರಾಜ ಕೇಳಿದ, ಪಹರೆಯೋನು ಹೇಳಿದ. ರಾಜನಿಗೆ ಬೇಜಾರಾಯ್ತಂತೆ, ಆದ್ರೂ ಮಾತಿಗೆ ತಪ್ಪೋ ಹಾಗಿಲ್ಲ. ಹಲಗೆ ಸರೀತು, ಬೀದಿ ಸೋತಿತು, ಜಾಗ ಸಾಹುಕಾರರದ್ದು ಅಂದ. ಪಟ್ಟೆ ಸಾಹುಕಾರ ಆಗಲೇ ಹೆಜ್ಜೆ ಹಾಕಿ ಮಳಿಗೆ ಎಷ್ಟು ಉದ್ದ ಬರುತ್ತೆ ಅಂತ ಅಳೀತಿದ್ದ.

ಅಷ್ಟರಲ್ಲಿ ಜನರ ಮಧ್ಯೆ ದಾರಿ ಮಾಡ್ಕೊಂಡು ಮೆಣಸಿನ ಸಾಹುಕಾರ ಬಂದ. ಹೆಗಲ ಮೇಲೆ ಬಟ್ಟೇಲಿ ಸುತ್ತಿದ ಮಗು. ಅಳು ನಿಂತು, ಬಾಯಿ ತೆರೆದು ನಿದ್ದೆ ಹೋಗಿತ್ತು. ಸೂರಪ್ಪ ಅದನ್ನ ನೋಡಿ ತಲೆ ತಗ್ಗಿಸಿದ.

“ಪ್ರಭು,” ಅಂದ ಸಾಹುಕಾರ, “ನಾನು ಒಂದು ವಾರ ಬಾಗಿಲು ಹಾಕಿದ್ದೆ, ಒಬ್ರೂ ಬಂದು ತಟ್ಟಲಿಲ್ಲ. ಇವಳು ಹಾಕಿದ್ದಕ್ಕೆ ನಾನೇ ಬರಿಗಾಲಲ್ಲಿ ಓಡಿಬಂದೆ. ನನ್ನ ಉಗ್ರಾಣದಲ್ಲಿ ಹಡಗು ತುಂಬೋಷ್ಟು ಮೂಟೆ ಇದೆ, ನನ್ನ ಮನೆ ಕೂಸಿಗೆ ಬೇಕಾದ ಚಿಟಿಕೆ ಇರಲಿಲ್ಲ. ಗೆದ್ದ ಜಾಗದಲ್ಲಿ ನನಗೊಂದು ಪಾಲಿದೆ ಅಲ್ವಾ, ಅದನ್ನ ಈ ಬೀದಿಗೆ ಬಿಟ್ಟುಕೊಟ್ಟೆ.”

ಆಮೇಲೆ ಕುದುರೆ ಸಾಹುಕಾರ, ಅವನ ಆಳು ಒಬ್ಬ ಕಿವೀಲಿ ಏನೋ ಹೇಳಿದ್ಮೇಲೆ, ಮೆಲ್ಲಗೆ ಮುಂದೆ ಬಂದು, ನನ್ನ ಆಳುಗಳು ಆ ವಾರ ಇಲ್ಲೇ ಉಂಡ್ರು ಅಂತ ಈಗ ಗೊತ್ತಾಯ್ತು, ನನ್ನ ಪಾಲೂ ಬೇಡ ಅಂದ. ಉಳಿದೋನು ಪಟ್ಟೆ ಸಾಹುಕಾರ. ಅವನು ಆ ಕಡೆ ಈ ಕಡೆ ನೋಡ್ತಾನೆ, ಬಾಯಿ ಬಿಡ್ತಾ ಇಲ್ಲ. ಹಿಂದಿನಿಂದ ಅವನ ಹೆಂಡ್ತಿ ಮೊಣಕೈಲಿ ತಿವಿದು, ಮನೇಲಿ ದೀಪಕ್ಕೆ ಎಣ್ಣೆ ಇಲ್ಲ, ತಲೆಗೆ ಹೂವಿಲ್ಲ, ಸುಮ್ನೆ ಹೂಂ ಅನ್ನಿ ಅಂದ್ಲಂತೆ. ಅವನೂ ಹೂಂ ಅಂದ.

ಆಗ ರಾಜ ಅಂದ್ನಂತೆ, ಪಂದ್ಯದಲ್ಲಿ ಬೀದಿ ಸೋತದ್ದು ನಿಜ, ಗೆದ್ದೋರು ಬಿಟ್ಟುಕೊಟ್ಟದ್ದೂ ನಿಜ, ಆದ್ರೆ ಊರು ಯಾರ ಮೇಲೆ ನಿಂತಿದೆ ಅಂತ ನಾನು ನೋಡಬೇಕಾಗಿತ್ತು, ಕಣ್ಣಾರೆ ನೋಡ್ದೆ. ಬಾಗಿಲು ಹಾಕಿ ನಿದ್ದೆ ಮಾಡೋಕೆ ಆಗುತ್ತಲ್ಲ, ಅಂಥ ಅಂಗಡಿ ಇದ್ರೂ ಒಂದೇ ಹೋದ್ರೂ ಒಂದೇ. ಹಾಕಬೇಕು ಅಂದ್ರೂ ಹಾಕೋಕೆ ಆಗದೆ ಇರೋದು ಯಾವುದೋ, ಊರಿಗೆ ಅದು ಬೇಕು. ನನ್ನ ವಂಶ ಇರೋವರೆಗೂ ಈ ಬೀದೀನ ಯಾರೂ ಮುಟ್ಟಕೂಡದು ಅಂದ.

ಅಷ್ಟು ಅಂದದ್ದೇ ತಡ, ದಡ ದಡ ದಡ ಅಂತ ಎರಡೂ ಕಡೆ ಹಲಗೆ ತೆಗೆದ್ರು ನೋಡು. ವಾರದಿಂದ ಕಾದಿದ್ದ ಊರು ಒಂದೇ ಸಲ ನುಗ್ಗಿತು. ಸೂರಪ್ಪ ಮಾಳಕ್ಕನ ಮುಂದೆ ಬಂದು ಅವಳ ಕೈ ಹಿಡಿದು ಹೊಸ ಬಳೆ ಇಟ್ಟ. ಗಂಡ ಸತ್ತೋಳಿಗೆ ಬಳೆ ಇಡ್ತಾರಾ ಅಂತ ಯಾರೋ ಗೊಣಗಿದ್ದಕ್ಕೆ, ನನ್ನ ಅಂಗಡಿ ಬಳೆ, ನಮ್ಮಕ್ಕನ ಕೈ, ನಿಂದೇನು ಹೋಗೋ ಅಂದ್ನಂತೆ.

ರಾಜ ಮಾತ್ರ ಮಾಳಕ್ಕನ ಅಂಗಡಿ ಮುಂದೆಯೇ ನಿಂತಿದ್ದ. ಇವಳಿಗೆ ಏನಾದ್ರೂ ದೊಡ್ಡದು ಕೊಡಬೇಕು ಅಂತ ಅವನಿಗೆ. ನಾಳೆಯಿಂದ ಆಸ್ಥಾನದಲ್ಲಿ ನನ್ನ ಪಕ್ಕ ನಿನಗೊಂದು ಕುರ್ಚಿ ಹಾಕಿಸ್ತೀನಿ, ಜರಿ ಶಾಲು ಹೊದಿಸ್ತೀನಿ, ಇನ್ನೇನು ಬೇಕು ಕೇಳು ತಾಯಿ ಅಂದ. ಮಾಳಕ್ಕ ಒಬ್ಬರಿಗೆ ಉಪ್ಪು ಅಳೀತಾ, ಇನ್ನೊಬ್ಬರಿಗೆ ಬೆಲ್ಲ ಒಡೀತಾ, ತಲೆ ಎತ್ತದೆ ಹೇಳಿದ್ಲಂತೆ:

“ಕುರ್ಚಿ ಗಿರ್ಚಿ ಎಲ್ಲಾ ಆಮೇಲೆ ನೋಡೋಣ ಬುದ್ಧಿ. ಈಗ ಒಂಚೂರು ಆ ಕಡೆ ಸರೀರಿ, ಹಿಂದೆ ಗಿರಾಕಿ ಕಾಯ್ತಾ ಅವ್ರೆ.”

ಅಷ್ಟು ದೊಡ್ಡ ರಾಜ, ಸರಿದು ನಿಂತ್ಕೊಂಡ್ನಂತೆ. ತೊರೆಪೇಟೆ ಸುಖವಾಗಿತ್ತು, ಮಾಳಕ್ಕ ಬೈಕೊಂಡು ಸುಖವಾಗಿದ್ಲು. ಅಲ್ಲಿಗೆ ಅವರ ಕತೆ ಮುಗೀತು, ಇಲ್ಲಿಗೆ ನಮ್ಮ ದಿನ ಮುಗೀತು. ನೀನೂ ಒಂಚೂರು ಆ ಕಡೆ ಸರಿ ಕುಸುಮಿ, ಅಜ್ಜಿ ಮಲಗಬೇಕು.